ಕ್ಯಾಪ್ಚರ್ ಕಾರ್ಡ್ ಕೊಳ್ಳುವ ಮುಂಚೆ ಫ್ರೇಮ್ ಎಲ್ಲಿ ಉದುರುತ್ತಿದೆ ನೋಡಿ

ತ್ಯಾಗರಾಜನಗರದಲ್ಲಿ ನಮ್ಮಕ್ಕ ವೀಣೆ ಪಾಠ ಹೇಳುತ್ತಾಳೆ. ವಾರದ ದಿನಗಳಲ್ಲಿ ಮಕ್ಕಳು ಮನೆಗೇ ಬರುತ್ತಾರೆ. ಶನಿವಾರ ಸಂಜೆಯ ಪಾಠ ಮಾತ್ರ ಯೂಟ್ಯೂಬ್‌ನಲ್ಲಿ ಅನ್‌ಲಿಸ್ಟೆಡ್ ಲೈವ್ (ಲಿಂಕ್ ಇದ್ದವರಿಗಷ್ಟೇ ಕಾಣುವುದು) ಆಗಿ ಹೋಗುತ್ತದೆ, ಊರು ಬಿಟ್ಟು ಹೋದ ಹಳೇ ಶಿಷ್ಯರಿಗಾಗಿ. ಲ್ಯಾಪ್‌ಟಾಪ್ ಕ್ಯಾಮೆರಾದಲ್ಲಿ ಅವಳ ಮುಖ ಚೆನ್ನಾಗಿ ಕಾಣುತ್ತಿತ್ತು, ಮೆಟ್ಟಿನ ಮೇಲಿನ ಎಡಗೈ ಕಾಣುತ್ತಿರಲಿಲ್ಲ. ವೀಣೆ ಕಲಿಯುವವರಿಗೆ ಮುಖ ಕಟ್ಟಿಕೊಂಡು ಏನಾಗಬೇಕು? ಹಾಗಾಗಿ ಬೀರುವಿನಲ್ಲಿ ಮಲಗಿದ್ದ ಹಳೇ ಡಿಎಸ್‌ಎಲ್‌ಆರ್ ಹೊರಗೆ ಬಂತು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ 750 ರೂಪಾಯಿ ಕೊಟ್ಟು ಒಂದು ಎಚ್‌ಡಿಎಂಐ ಡಾಂಗಲ್ ತಂದೆ. ಕ್ಯಾಮೆರಾದ ಚಿತ್ರವನ್ನು ಯುಎಸ್‌ಬಿ ಮೂಲಕ ಲ್ಯಾಪ್‌ಟಾಪ್‌ಗೆ ತರುವ ಅಗ್ಗದ ಕ್ಯಾಪ್ಚರ್ ಕಾರ್ಡ್ ಅದು. ಅದರ ಮೇಲೆ ದೊಡ್ಡದಾಗಿ 4ಕೆ ಅಂತ ಬರೆದಿತ್ತು.

ಮೊದಲ ಶನಿವಾರವೇ ದೂರು ಬಂತು. "ಟೀಚರ್, ನಿಮ್ಮ ಕೈ ನಿಂತು ನಿಂತು ಬರ್ತಿದೆ." ತಂತಿ ಎಳೆದು ಗಮಕ ತೋರಿಸುವಾಗ ಬೆರಳು ಇಲ್ಲಿಂದ ಅಲ್ಲಿಗೆ ಹಾರುತ್ತಿತ್ತು. ನಡುವಿನ ಜಾರು ಎಲ್ಲೋ ಮಾಯ. ಗೊತ್ತಿದ್ದವರನ್ನೆಲ್ಲ ಕೇಳಿದೆ. ಎಲ್ಲರದ್ದೂ ಒಂದೇ ಉತ್ತರ: ಅಗ್ಗದ ಡಾಂಗಲ್ ಬಿಸಾಕಿ, ಒಳ್ಳೇ ಕ್ಯಾಪ್ಚರ್ ಕಾರ್ಡ್ ತಗೊಳ್ಳಿ. ಒಳ್ಳೆಯದು ಅಂದರೆ ಹತ್ತು ಸಾವಿರ ದಾಟುತ್ತಿತ್ತು. ಕಾರ್ಟ್‌ಗೆ ಹಾಕಿಯೂ ಆಗಿತ್ತು.

ದುಡ್ಡು ಕಟ್ಟುವ ಮುಂಚೆ ಒಂದು ಯೋಚನೆ ಬಂತು. ಮನೆಯಲ್ಲಿ ನಲ್ಲಿ ನೀರು ಸಣ್ಣಗೆ ಬಂದರೆ ಯಾರೂ ಮೊದಲು ನಲ್ಲಿ ಬದಲಾಯಿಸುವುದಿಲ್ಲ. ಸಂಪ್ ನೋಡುತ್ತಾರೆ, ಮೋಟರ್ ನೋಡುತ್ತಾರೆ, ಮೇಲಿನ ಟ್ಯಾಂಕ್ ನೋಡುತ್ತಾರೆ. ಇಲ್ಲೂ ಅಷ್ಟೇ. ಕ್ಯಾಮೆರಾ, ಎಚ್‌ಡಿಎಂಐ ಕೇಬಲ್, ಡಾಂಗಲ್, ಯುಎಸ್‌ಬಿ ಪೋರ್ಟ್, ಒಬಿಎಸ್ (ಲೈವ್ ಕಳಿಸುವ ಉಚಿತ ತಂತ್ರಾಂಶ), ಎನ್‌ಕೋಡರ್ (ಚಿತ್ರವನ್ನು ಕುಗ್ಗಿಸುವುದು), ವೈಫೈ, ಆಮೇಲೆ ಯೂಟ್ಯೂಬ್. ಇಷ್ಟು ಉದ್ದದ ಪೈಪಿನಲ್ಲಿ ಕ್ಯಾಪ್ಚರ್ ಕಾರ್ಡ್ ಒಂದು ತುಂಡು ಮಾತ್ರ. ಸೋರಿಕೆ ಆ ತುಂಡಿನಲ್ಲೇ ಇದ್ದರೆ ಮಾತ್ರ ಅದನ್ನು ಬದಲಾಯಿಸಿ ಪ್ರಯೋಜನ.

ಮೂರು ಅಂಕಿ

ಒಬಿಎಸ್‌ನಲ್ಲಿ ಸ್ಟ್ಯಾಟ್ಸ್ ಅಂತ ಒಂದು ಕಿಟಕಿ ಇದೆ. ಬಹಳ ಜನ ಅದನ್ನು ತೆರೆದೇ ಇರುವುದಿಲ್ಲ. ಲೈವ್ ಹೋಗುವಾಗ ಅದನ್ನು ಪಕ್ಕದಲ್ಲಿ ಇಟ್ಟುಕೊಳ್ಳಿ. ಮೂರು ಸಾಲು ಮುಖ್ಯ.

ರೆಂಡರಿಂಗ್ ಲ್ಯಾಗ್ ಏರುತ್ತಿದ್ದರೆ ಗ್ರಾಫಿಕ್ಸ್ ಮೇಲೆ ಹೊರೆ ಜಾಸ್ತಿ ಆಗಿದೆ. ಗೇಮ್ ಆಡುತ್ತಲೇ ಸ್ಟ್ರೀಮ್ ಮಾಡುವವರಲ್ಲಿ ಇದು ಸಾಮಾನ್ಯ. ಎನ್‌ಕೋಡಿಂಗ್ ಲ್ಯಾಗ್ ಏರುತ್ತಿದ್ದರೆ ಚಿತ್ರವನ್ನು ಕುಗ್ಗಿಸುವ ಕೆಲಸದಲ್ಲಿ ಕಂಪ್ಯೂಟರ್ ಹಿಂದೆ ಬೀಳುತ್ತಿದೆ. ನೆಟ್‌ವರ್ಕ್ ಡ್ರಾಪ್ ಏರುತ್ತಿದ್ದರೆ ಇಂಟರ್‌ನೆಟ್. ಈ ಮೂರರಲ್ಲಿ ಯಾವುದು ಏರಿದರೂ ಹೊಸ ಕಾರ್ಡ್ ಏನೂ ಮಾಡುವುದಿಲ್ಲ. ಇಪ್ಪತ್ತು ಸಾವಿರದ್ದು ತಂದರೂ ಅದೇ ಕಥೆ.

ಇಲ್ಲಿ ಒಂದು ತಪ್ಪು ನಂಬಿಕೆ ಇದೆ, ನನಗೂ ಇತ್ತು. ಕ್ಯಾಪ್ಚರ್ ಕಾರ್ಡ್ ಹಾಕಿದರೆ ಲ್ಯಾಪ್‌ಟಾಪ್‌ಗೆ ಭಾರ ಕಡಿಮೆ ಆಗುತ್ತದೆ ಅಂತ. ಈಗಿನ ಬಹುತೇಕ ಕಾರ್ಡ್‌ಗಳು ಚಿತ್ರವನ್ನು ಒಳಗೆ ತರುತ್ತವೆ, ಅಷ್ಟೇ. ಕುಗ್ಗಿಸುವ ಕೆಲಸ ನಿಮ್ಮ ಪ್ರೊಸೆಸರ್ ಅಥವಾ ಗ್ರಾಫಿಕ್ಸ್ ಚಿಪ್ಪಿನದೇ. ಎರಡು ಕಂಪ್ಯೂಟರ್ ಇಟ್ಟುಕೊಂಡು ಒಂದರಲ್ಲಿ ಆಟ, ಇನ್ನೊಂದರಲ್ಲಿ ಸ್ಟ್ರೀಮ್ ಅಂತ ಹಂಚಿದರೆ ಮಾತ್ರ ಹೊರೆ ಇಳಿಯುತ್ತದೆ. ಒಂದೇ ಕಂಪ್ಯೂಟರಿನ ಪರದೆಯನ್ನು ಹಿಡಿಯಲು ಕಾರ್ಡೇ ಬೇಡ. ಒಬಿಎಸ್ ತಾನೇ ಹಿಡಿಯುತ್ತದೆ.

ಇನ್ನೊಂದು ವಿಷಯ. ಒಬಿಎಸ್‌ನ ವರ್ಚುವಲ್ ಕ್ಯಾಮೆರಾದಿಂದ ಜೂಮ್‌ಗೆ ಕಳಿಸುತ್ತಿದ್ದರೆ ಎರಡನೇ ಮತ್ತು ಮೂರನೇ ಸಾಲು ಸೊನ್ನೆಯಲ್ಲೇ ಇರುತ್ತವೆ. ಕುಗ್ಗಿಸಿ ಕಳಿಸುವುದು ಜೂಮ್, ಒಬಿಎಸ್ ಅಲ್ಲ. ಆ ಸೊನ್ನೆ ನೋಡಿ ಎಲ್ಲ ಸರಿ ಇದೆ ಅಂದುಕೊಳ್ಳಬೇಡಿ.

ಅಕ್ಕನ ಲ್ಯಾಪ್‌ಟಾಪ್‌ನಲ್ಲಿ ಮೂರೂ ಸೊನ್ನೆ ಬಂತು. ನಿಜವಾದ ಸೊನ್ನೆ. ಆದರೂ ಚಿತ್ರ ಹಾರುತ್ತಿತ್ತು. ಅಂದರೆ ಚಿತ್ರ ಒಬಿಎಸ್‌ಗೆ ಬಂದು ಸೇರುವ ಮುಂಚೆಯೇ ಕೆಟ್ಟಿದೆ. ಡಾಂಗಲ್ ಮೇಲೆ ಅನುಮಾನ ಪಡಲು ಹಕ್ಕು ಬರುವುದು ಈ ಹಂತದಲ್ಲಿ.

ಸ್ಟಾಪ್‌ವಾಚ್ ಪರೀಕ್ಷೆ

ಇದಕ್ಕೆ ಖರ್ಚಿಲ್ಲ, ಹತ್ತು ನಿಮಿಷ ಸಾಕು. ಫೋನ್‌ನಲ್ಲಿ ಸ್ಟಾಪ್‌ವಾಚ್ ಓಡಿಸಿ, ಸೆಕೆಂಡಿನ ನೂರನೇ ಭಾಗ ತೋರಿಸುವಂಥದ್ದು. ಅದನ್ನು ಕ್ಯಾಮೆರಾ ಮುಂದೆ ಇಡಿ. ಷಟರ್ 1/100ಕ್ಕೆ ಇಟ್ಟರೆ ಅಂಕಿ ಕಲಸಿಕೊಳ್ಳುವುದಿಲ್ಲ. ಒಬಿಎಸ್‌ನಲ್ಲಿ ಸೆಕೆಂಡಿಗೆ 30 ಫ್ರೇಮ್ (ಬಿಡಿ ಚಿತ್ರ) ಇಟ್ಟು ಒಂದು ನಿಮಿಷ ರೆಕಾರ್ಡ್ ಮಾಡಿ. ಲೈವ್ ಬೇಡ, ಡಿಸ್ಕಿಗೆ ಮಾತ್ರ. ಹಾಗೆ ಮಾಡಿದರೆ ಇಂಟರ್‌ನೆಟ್ ತಲೆನೋವು ಪೂರ್ತಿ ಹೊರಗೆ. ಆಮೇಲೆ ಆ ಫೈಲನ್ನು ವಿಎಲ್‌ಸಿಯಲ್ಲಿ ತೆರೆದು ಇ ಕೀಲಿ ಒತ್ತುತ್ತಾ ಹೋಗಿ. ಒಂದು ಒತ್ತಿಗೆ ಒಂದು ಫ್ರೇಮ್ ಮುಂದೆ ಹೋಗುತ್ತದೆ. ಅಂಕಿಗಳನ್ನು ಕಾಗದದ ಮೇಲೆ ಬರೆದುಕೊಳ್ಳಿ.

ಎಲ್ಲ ಸರಿ ಇದ್ದರೆ 4.13, 4.16, 4.20, 4.23 ಹೀಗೆ ಬರಬೇಕು. ಪ್ರತಿ ಹೆಜ್ಜೆಗೆ ಸುಮಾರು 0.033 ಸೆಕೆಂಡ್. ನಡುವೆ ಒಂದು ಅಂಕಿ ಎರಡು ಸಲ ಬಂದು ಮುಂದಿನದು 0.06ರಷ್ಟು ಹಾರಿದರೆ ಒಂದು ಫ್ರೇಮ್ ಬಿದ್ದುಹೋಗಿದೆ ಅಂತ ಅರ್ಥ.

ನಮಗೆ ಬಂದಿದ್ದು ಹೀಗೆ: 4.13, 4.13, 4.13, 4.13, 4.13, 4.13, ಆಮೇಲೆ ಒಂದೇ ಸಲಕ್ಕೆ 4.33. ಮತ್ತೆ ಆರು ಸಲ 4.33, ಆಮೇಲೆ 4.53. ಪಕ್ಕಾ ಲೆಕ್ಕ. ಒಂದು ಫ್ರೇಮ್ ಅತ್ತಿತ್ತ ಇಲ್ಲ. ಕೆಟ್ಟುಹೋದ ವಸ್ತು ಇಷ್ಟು ಶಿಸ್ತಿನಿಂದ ಕೆಡುವುದಿಲ್ಲ, ಅಲ್ವಾ? ಸೆಕೆಂಡಿಗೆ ಸರಿಯಾಗಿ ಐದು ಹೊಸ ಚಿತ್ರ ಬರುತ್ತಿದ್ದವು. ಹೊಸದು ಬರುವವರೆಗೆ ಒಬಿಎಸ್ ಹಳೆಯದನ್ನೇ ತೋರಿಸುತ್ತಿತ್ತು. ಅದಕ್ಕೇ ಸ್ಟ್ಯಾಟ್ಸ್‌ನಲ್ಲಿ ಎಲ್ಲ ಸೊನ್ನೆ. ಅದರ ಕೆಲಸ ಅದು ಸರಿಯಾಗಿಯೇ ಮಾಡುತ್ತಿತ್ತು.

ಐದೇ ಯಾಕೆ?

ಒಂದು ಲೆಕ್ಕ ಹಾಕೋಣ. 1920 ಸಲ 1080 ಅಂದರೆ ಸುಮಾರು 20.7 ಲಕ್ಷ ಚುಕ್ಕಿ. ಕುಗ್ಗಿಸದೆ ವೈಯುವೈ2 ರೂಪದಲ್ಲಿ ಕಳಿಸಿದರೆ ಚುಕ್ಕಿಗೆ ಎರಡು ಬೈಟ್. ಒಂದು ಫ್ರೇಮ್‌ಗೆ 41 ಲಕ್ಷ ಬೈಟ್ ಚಿಲ್ಲರೆ, ಅಂದರೆ 4 ಎಂಬಿಗಿಂತ ಸ್ವಲ್ಪ ಜಾಸ್ತಿ. ಸೆಕೆಂಡಿಗೆ 30 ಫ್ರೇಮ್ ಅಂದರೆ 124 ಎಂಬಿ. ಯುಎಸ್‌ಬಿ 2.0 ಕಾಗದದ ಮೇಲೆ 480 ಮೆಗಾಬಿಟ್, ಅಂದರೆ 60 ಎಂಬಿ. ಕೈಗೆ ಸಿಗುವುದು 35ರಿಂದ 40. ಆ ಬಾಗಿಲಲ್ಲಿ 124 ತೂರುವುದು ಹೇಗೆ? ತೂರುವುದಿಲ್ಲ. ಹಾಗಾಗಿ ಇಂಥ ಅಗ್ಗದ ಡಾಂಗಲ್‌ಗಳು ಕುಗ್ಗಿಸದ 1080ಪಿ ಕೇಳಿದರೆ ಸೆಕೆಂಡಿಗೆ ಐದೇ ಫ್ರೇಮ್ ಕೊಡುತ್ತವೆ. ಅದೇ ಡಾಂಗಲ್‌ಗೆ ಎಂಜೆಪೆಗ್ ರೂಪ ಕೇಳಿದರೆ ಪ್ರತಿ ಫ್ರೇಮ್ ಅನ್ನು ಫೋಟೊ ಥರ ಕುಗ್ಗಿಸಿ ಪೂರ್ತಿ 30 ಕೊಡುತ್ತದೆ.

ಒಬಿಎಸ್‌ನಲ್ಲಿ ಆ ಸೋರ್ಸ್‌ನ ಪ್ರಾಪರ್ಟೀಸ್ ತೆರೆದೆ. ರೆಸಲ್ಯೂಷನ್ ಕಸ್ಟಮ್, 1920x1080, ಎಫ್‌ಪಿಎಸ್ 30, ವಿಡಿಯೊ ಫಾರ್ಮ್ಯಾಟ್ ಎಂಜೆಪೆಗ್. ಓಕೆ ಒತ್ತಿದ ಕೂಡಲೇ ಅಕ್ಕನ ಬೆರಳು ಜಾರತೊಡಗಿತು. ಹತ್ತು ಸಾವಿರದ ರೋಗಕ್ಕೆ ಒಂದು ಡ್ರಾಪ್‌ಡೌನ್ ಮದ್ದು. ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ.

ನನ್ನ ಡಾಂಗಲ್‌ನ ಪ್ಲಗ್ ನೀಲಿ ಬಣ್ಣದ್ದು. ನೀಲಿ ಅಂದರೆ ಯುಎಸ್‌ಬಿ 3.0 ಅಂತ ನಾನೂ ನಂಬಿದ್ದೆ. ಬಣ್ಣ ಪ್ಲಾಸ್ಟಿಕ್‌ನದು, ವೇಗದ್ದಲ್ಲ. ಲಿನಕ್ಸ್‌ನಲ್ಲಿ ಎಲ್‌ಎಸ್‌ಯುಎಸ್‌ಬಿ ಆಜ್ಞೆಗೆ ಟಿ ಆಯ್ಕೆ ಸೇರಿಸಿ ನೋಡಿ. ಸಾಲಿನ ಕೊನೆಗೆ 480ಎಂ ಬಂದರೆ ಅದು 2.0, 5000ಎಂ ಬಂದರೆ 3.0. ಮ್ಯಾಕ್‌ನಲ್ಲಿ ಸಿಸ್ಟಮ್ ಇನ್ಫರ್ಮೇಷನ್, ವಿಂಡೋಸ್‌ನಲ್ಲಿ ಯುಎಸ್‌ಬಿ ಡಿವೈಸ್ ಟ್ರೀ ವ್ಯೂವರ್ ಅನ್ನುವ ಉಚಿತ ತಂತ್ರಾಂಶ ಇದೇ ವಿಷಯ ಹೇಳುತ್ತವೆ. ಗುರುತಿನ ಸಂಖ್ಯೆ 534ಡಿ:2109 ಅಂತಿದ್ದರೆ ಒಳಗಿರುವುದು ಎಂಎಸ್2109 ಚಿಪ್ಪು. ಹೊರಗಿನ ಡಬ್ಬಿ ಯಾವ ಹೆಸರಿನದೇ ಆಗಿರಲಿ, ಅದು 2.0 ಚಿಪ್ಪೇ. ಮೇಲೆ ಬರೆದ 4ಕೆ ಅನ್ನುವುದು ಒಳಗೆ ತಗೊಳ್ಳುವ ಸಿಗ್ನಲ್‌ನದು, ಹೊರಗೆ ಕೊಡುವುದು 1080ಪಿ.

ಡಾಂಗಲ್ ಮತ್ತು ಮೈಕ್ ಎರಡನ್ನೂ ಒಂದೇ ಹಬ್‌ಗೆ ಸಿಕ್ಕಿಸಿದ್ದರೆ ಬೇರೆ ಮಾಡಿ. ಇದು ಎರಡೇ ಸೆಕೆಂಡಿನ ಕೆಲಸ, ಬಹಳ ಸಲ ಇದೇ ಮದ್ದು.

ಕರೆಂಟ್ ಹೋದ ಶನಿವಾರ

ಎರಡನೇ ವಾರ ಪಾಠ ಚೆನ್ನಾಗಿ ಶುರುವಾಯಿತು. ಮೋಹನ ರಾಗದ ವರ್ಣ ಅರ್ಧ ಆಗಿತ್ತು. 6:40ಕ್ಕೆ ಕರೆಂಟ್ ಹೋಯಿತು. ರೂಟರ್‌ಗೆ ಸಣ್ಣ ಯುಪಿಎಸ್ ಇದೆ, ನೆಟ್ ನಿಲ್ಲಲಿಲ್ಲ. ಲ್ಯಾಪ್‌ಟಾಪ್ ಬ್ಯಾಟರಿಗೆ ಹೋಯಿತು, ಅಕ್ಕ ನಿಲ್ಲಿಸದೆ ನುಡಿಸಿದಳು. ಎರಡು ನಿಮಿಷಕ್ಕೆ ಮತ್ತೆ ಅದೇ ದೂರು: ಕೈ ನಿಂತು ನಿಂತು ಬರ್ತಿದೆ.

ಮನೆಯವರೆಲ್ಲ ಡಾಂಗಲ್ ಕಡೆ ನೋಡಿದರು. ನಾನು ಸ್ಟ್ಯಾಟ್ಸ್ ನೋಡಿದೆ. ಈ ಸಲ ಎನ್‌ಕೋಡಿಂಗ್ ಲ್ಯಾಗ್ 11 ಪರ್ಸೆಂಟ್ ಮುಟ್ಟಿತ್ತು. ಬ್ಯಾಟರಿಗೆ ಬಿದ್ದ ಕೂಡಲೇ ಲ್ಯಾಪ್‌ಟಾಪ್ ಚಾರ್ಜ್ ಉಳಿಸಲು ಪ್ರೊಸೆಸರ್ ವೇಗ ಇಳಿಸಿತ್ತು. ಪ್ರೊಸೆಸರ್ ಮೇಲೆಯೇ ಓಡುವ ಎಕ್ಸ್264 ಎನ್‌ಕೋಡರ್‌ಗೆ ಉಸಿರು ಸಾಲಲಿಲ್ಲ. ಹೊರಗಿನಿಂದ ನೋಡುವವರಿಗೆ ಎರಡೂ ವಾರದ ರೋಗ ಒಂದೇ ಥರ ಕಾಣುತ್ತದೆ. ಒಳಗೆ ಒಂದಕ್ಕೊಂದು ಸಂಬಂಧವೇ ಇಲ್ಲ. ಹೊಸ ಕಾರ್ಡ್ ತಂದಿದ್ದರೆ ಅವತ್ತು ಸಂಜೆ ಅದಕ್ಕೂ ಬೈಗುಳ ಬೀಳುತ್ತಿತ್ತು.

ಔಟ್‌ಪುಟ್ ಸೆಟ್ಟಿಂಗ್ಸ್‌ನಲ್ಲಿ ಎನ್‌ಕೋಡರ್ ಬದಲಾಯಿಸಿದೆ. ಬಹುತೇಕ ಇಂಟೆಲ್ ಚಿಪ್ಪುಗಳಲ್ಲಿ 2011ರಿಂದ ಕ್ವಿಕ್ ಸಿಂಕ್ ಅಂತ ಒಂದು ಪ್ರತ್ಯೇಕ ಭಾಗ ಬರುತ್ತಿದೆ, ವಿಡಿಯೊ ಕುಗ್ಗಿಸುವುದಕ್ಕೇ ಇರುವುದು. ಬಹುತೇಕ ಎನ್‌ವಿಡಿಯಾ ಕಾರ್ಡ್‌ಗಳಲ್ಲಿ ಇದೇ ಕೆಲಸಕ್ಕೆ ಎನ್‌ವೆಂಕ್ ಇರುತ್ತದೆ. ಇದಕ್ಕೆ ಬಂದ ಮೇಲೆ ಬ್ಯಾಟರಿಯಲ್ಲೂ ಲ್ಯಾಗ್ ಸೊನ್ನೆ. ಜೊತೆಗೆ ಬಿಟ್‌ರೇಟ್ (ಸೆಕೆಂಡಿಗೆ ಕಳಿಸುವ ಮಾಹಿತಿ) 4500 ಕಿಲೊಬಿಟ್‌ಗೆ ಇಳಿಸಿ, ಲ್ಯಾಪ್‌ಟಾಪ್‌ಗೆ ರೂಟರ್‌ನಿಂದ ಲ್ಯಾನ್ ಕೇಬಲ್ ಎಳೆದೆ. ಕೂತಿರುವ ಕಂಪ್ಯೂಟರಿಗೆ ವೈಫೈ ಯಾಕೆ ಬೇಕು ಹೇಳಿ?

ಕಪ್ಪು ಪರದೆ, ಪಟ್ಟೆ, ಬಿಸಿ

ಚಿತ್ರವೇ ಬರದಿದ್ದರೆ ಮೊದಲು ಕ್ಯಾಮೆರಾವನ್ನು ಅದೇ ಕೇಬಲ್‌ನಿಂದ ಟಿವಿಗೆ ಹಾಕಿ ನೋಡಿ. ಅಲ್ಲೂ ಇಲ್ಲ ಅಂದರೆ ಕೇಬಲ್ ಅಥವಾ ಕ್ಯಾಮೆರಾದ ಮಿನಿ ಎಚ್‌ಡಿಎಂಐ ಕಿಂಡಿ ಸಡಿಲ. ಟಿವಿಯಲ್ಲಿ ಬಂದು ಡಾಂಗಲ್‌ನಲ್ಲಿ ಮಾತ್ರ ಕಪ್ಪಾದರೆ, ಚಿತ್ರ ಎಲ್ಲಿಂದ ಬರುತ್ತಿದೆ ಅಂತ ಕೇಳಿಕೊಳ್ಳಿ. ಸೆಟ್‌ಟಾಪ್ ಬಾಕ್ಸ್, ಓಟಿಟಿ ಸ್ಟಿಕ್ ಆದರೆ ನಕಲು ತಡೆಯುವ ಎಚ್‌ಡಿಸಿಪಿ ಬೀಗ ಇರುತ್ತದೆ. ಅದು ದೋಷ ಅಲ್ಲ, ಬೇಕೆಂದೇ ಹಾಕಿದ್ದು. ದುಬಾರಿ ಕಾರ್ಡ್ ಕೂಡ ಅಲ್ಲಿ ಕಪ್ಪನ್ನೇ ತೋರಿಸುತ್ತದೆ. ಪಿಎಸ್4, ಪಿಎಸ್5ರಲ್ಲಿ ಆಟಕ್ಕಾಗಿ ಅದನ್ನು ಸೆಟ್ಟಿಂಗ್ಸ್‌ನಲ್ಲೇ ಆಫ್ ಮಾಡಬಹುದು.

ಚಿತ್ರದ ಮೇಲೆ ಫೋಕಸ್ ಚೌಕ, ಬ್ಯಾಟರಿ ಗುರುತು ಕಂಡರೆ ಕ್ಯಾಮೆರಾ ಮೆನುವಿನಲ್ಲಿ ಎಚ್‌ಡಿಎಂಐ ಇನ್ಫೊ ಡಿಸ್‌ಪ್ಲೇ ಆಫ್ ಮಾಡಿ. ಆ ಆಯ್ಕೆಯೇ ಇಲ್ಲದ ಕ್ಯಾಮೆರಾ ಆದರೆ ಕಾರ್ಡ್‌ಗೆ ದುಡ್ಡು ಹಾಕಲೇಬೇಡಿ.

ಕಪ್ಪು ಪಟ್ಟೆ ಮೇಲಿಂದ ಕೆಳಗೆ ಹರಿಯುತ್ತಿದ್ದರೆ ಅದು ಬಲ್ಬಿನದು. ನಮ್ಮ ಕರೆಂಟ್ 50 ಹರ್ಟ್ಜ್, ಬಲ್ಬು ಸೆಕೆಂಡಿಗೆ ನೂರು ಸಲ ಮಿಣುಕುತ್ತದೆ. ಷಟರ್ 1/60 ಬದಲು 1/50 ಅಥವಾ 1/100 ಇಡಿ, ಪಟ್ಟೆ ಹೋಗುತ್ತದೆ.

ನಮ್ಮ ಡಾಂಗಲ್ ಏಪ್ರಿಲ್‌ನಲ್ಲಿ ಇನ್ನೊಂದು ಆಟ ಶುರು ಮಾಡಿತು. ಮುಕ್ಕಾಲು ಗಂಟೆ ಆದಮೇಲೆ ಚಿತ್ರ ಹೋಗುವುದು, ಕಿತ್ತು ಸಿಕ್ಕಿಸಿದರೆ ಬರುವುದು. ಮುಟ್ಟಿ ನೋಡಿದರೆ ಕಾಫಿ ಲೋಟದಷ್ಟು ಬಿಸಿ. ಲ್ಯಾಪ್‌ಟಾಪ್‌ನ ಬಿಸಿಗಾಳಿ ಬರುವ ಕಿಂಡಿಯ ಪಕ್ಕದಲ್ಲೇ ಸಿಕ್ಕಿಸಿದ್ದೆವು. ಒಂದು ಅಡಿ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ದೂರ ಇಟ್ಟ ಮೇಲೆ ಎರಡು ಗಂಟೆ ನಿಲ್ಲುತ್ತಿದೆ. ಆದರೆ ಇದೊಂದು ದೋಷ ನಿಜವಾಗಿ ಡಾಂಗಲ್‌ನದೇ ಅಂತ ಒಪ್ಪಿಕೊಳ್ಳುತ್ತೇನೆ.

ಧ್ವನಿ

ಅಕ್ಕನ ಮೈಕ್ ನೇರ ಯುಎಸ್‌ಬಿಗೆ ಹೋಗುತ್ತದೆ. ಚಿತ್ರ ಡಾಂಗಲ್ ದಾಟಿ ತಡವಾಗಿ ಬರುತ್ತದೆ. ಹಾಗಾಗಿ ನಾದ ಮೊದಲು, ಮೀಟುವ ಕೈ ಆಮೇಲೆ. ಎಷ್ಟು ತಡ ಅಂತ ಅಳೆಯಲು ಮತ್ತೆ ಸ್ಟಾಪ್‌ವಾಚ್. ಓಡುವ ಫೋನ್ ಮತ್ತು ಒಬಿಎಸ್ ಪರದೆ ಎರಡೂ ಒಟ್ಟಿಗೆ ಬರುವಂತೆ ಇನ್ನೊಂದು ಫೋನ್‌ನಿಂದ ಫೋಟೊ ತೆಗೆಯಿರಿ. ನಮಗೆ ಫೋನ್‌ನಲ್ಲಿ 12.61, ಪರದೆಯಲ್ಲಿ 12.43. ವ್ಯತ್ಯಾಸ 0.18. ಅಡ್ವಾನ್ಸ್‌ಡ್ ಆಡಿಯೊ ಪ್ರಾಪರ್ಟೀಸ್‌ನಲ್ಲಿ ಮೈಕ್‌ನ ಸಿಂಕ್ ಆಫ್‌ಸೆಟ್ 180 ಮಿಲಿಸೆಕೆಂಡ್ ಕೊಟ್ಟೆ, ಎರಡೂ ಕೂಡಿಕೊಂಡವು. ಒಂದೊಂದರ ಮೂರ್ನಾಲ್ಕು ಫೋಟೊ ತೆಗೆದು ಸರಾಸರಿ ನೋಡುವುದು ಒಳ್ಳೆಯದು.

ಶುರುವಿನಲ್ಲಿ ಸರಿ ಇದ್ದು ಗಂಟೆ ಕಳೆದಂತೆ ಅಂತರ ಬೆಳೆಯುತ್ತಿದ್ದರೆ ಈ ಮದ್ದು ಸಾಲದು. ಮೈಕ್‌ನ ಗಡಿಯಾರ, ಡಾಂಗಲ್‌ನ ಗಡಿಯಾರ ಬೇರೆ ಬೇರೆ ಓಡುತ್ತಿವೆ. ಮೈಕನ್ನು ಕ್ಯಾಮೆರಾಗೇ ಸಿಕ್ಕಿಸಿ, ಧ್ವನಿಯೂ ಎಚ್‌ಡಿಎಂಐಯಲ್ಲೇ ಬರಲಿ. ಇಲ್ಲೊಂದು ತಮಾಷೆ ಇದೆ. ಎಂಎಸ್2109 ತನ್ನನ್ನು 96000 ಹರ್ಟ್ಜ್ ಮೋನೊ ಅಂತ ಪರಿಚಯಿಸಿಕೊಳ್ಳುತ್ತದೆ. ನಿಜಕ್ಕೂ ಕಳಿಸುವುದು 48000ದ ಸ್ಟೀರಿಯೊ. ಕೆಲವು ಕಂಪ್ಯೂಟರಿನಲ್ಲಿ ಧ್ವನಿ ಗೊರಗೊರ ಅನ್ನುವುದು ಇದರಿಂದ.

ಶ್ರುತಿಯೇ ಇಳಿದಿದ್ದರೆ ಅದು ಬೇರೆ ರೋಗ. 48000ದಲ್ಲಿ ಹಿಡಿದದ್ದನ್ನು 44100 ಅಂತ ನುಡಿಸಿದರೆ ಹಾಡು ನಿಧಾನ ಆಗುತ್ತದೆ, ಸ್ವರ ಸುಮಾರು ಒಂದೂವರೆ ಮೆಟ್ಟು ಕೆಳಗೆ ಬರುತ್ತದೆ. ವೀಣೆಯಲ್ಲಿ ಸ್ಥಾಯಿಗೆ ಹನ್ನೆರಡು ಮೆಟ್ಟು, ಹಾಗಾಗಿ ಅಕ್ಕನಿಗೆ ಈ ಲೆಕ್ಕ ಹೇಳಬೇಕಾಗಲಿಲ್ಲ. ಎರಡೂ ಕಡೆ 48000 ಇಡಿ.

ಹಾಗಾದರೆ ಯಾವಾಗ ಕೊಳ್ಳಬೇಕು?

ಮೊದಲು ಬೇಡದವರು. ನಿಮ್ಮ ಕ್ಯಾಮೆರಾ ಯುಎಸ್‌ಬಿಯಲ್ಲೇ ವೆಬ್‌ಕ್ಯಾಮ್ ಆಗುತ್ತದಾ ನೋಡಿ. ಕ್ಯಾನನ್, ಸೋನಿ, ನಿಕಾನ್, ಫ್ಯೂಜಿಫಿಲ್ಮ್ ನಾಲ್ಕೂ 2020ರ ಲಾಕ್‌ಡೌನ್ ವರ್ಷದಲ್ಲಿ ಇದಕ್ಕೆ ತಂತ್ರಾಂಶ ಬಿಟ್ಟವು. ಎಚ್‌ಡಿಎಂಐಯಷ್ಟು ಚೂಪು ಇರುವುದಿಲ್ಲ, ಮಾತಾಡುವ ತಲೆಗೆ ಧಾರಾಳ ಸಾಕು. ಆಂಡ್ರಾಯ್ಡ್ 14 ಬಂದ ಮೇಲೆ ಕೆಲವು ಫೋನ್‌ಗಳು ಕೇಬಲ್ ಹಾಕಿದರೆ ತಾವೇ ವೆಬ್‌ಕ್ಯಾಮ್ ಆಗುತ್ತವೆ. ಐಫೋನ್ ಮತ್ತು ಮ್ಯಾಕ್ ಎರಡೂ ಇದ್ದವರಿಗೆ ಕಂಟಿನ್ಯುಯಿಟಿ ಕ್ಯಾಮೆರಾ 2022ರಿಂದ ಇದೆ. ಸುಮ್ನೆ ದುಡ್ಡು ಹಾಕಬೇಡಿ.

ಹಳೇ ಮದುವೆ ಕ್ಯಾಸೆಟ್ ಇಳಿಸುವವರಿಗೂ ಈ ಎಚ್‌ಡಿಎಂಐ ಕಾರ್ಡ್ ನೇರ ಉಪಯೋಗಕ್ಕಿಲ್ಲ. ಹಳದಿ ಪಿನ್ ತಗೊಳ್ಳುವ ಅನಲಾಗ್ ಡಬ್ಬಿ ಬೇಕು. ಚಿತ್ರ ಕಪ್ಪುಬಿಳುಪಾಗಿ ಬಂದರೆ ಅಥವಾ ಉರುಳುತ್ತಿದ್ದರೆ ಕ್ಯಾಸೆಟ್ ಹಾಳಾಗಿದೆ ಅಂತ ಗಾಬರಿ ಆಗಬೇಡಿ. ಸೆಟ್ಟಿಂಗ್ ಎನ್‌ಟಿಎಸ್‌ಸಿ ಅನ್ನುವ ಬೇರೆ ಟಿವಿ ಪದ್ಧತಿಯಲ್ಲಿ ಇರುತ್ತದೆ, ಪಾಲ್ ಪದ್ಧತಿಗೆ ತಿರುಗಿಸಿ. ನಮ್ಮ ದೇಶದ್ದು ಪಾಲ್, 720x576, ಸೆಕೆಂಡಿಗೆ 25 ಫ್ರೇಮ್.

ಇನ್ನು ಬೇಕಾದವರು. ಸೆಕೆಂಡಿಗೆ 60 ಫ್ರೇಮ್‌ನ 1080ಪಿ ಕುಗ್ಗಿಸದೆ ಬೇಕು ಅನ್ನುವವರಿಗೆ 249 ಎಂಬಿ ಹೋಗುವ ದಾರಿ ಬೇಕು. ಯುಎಸ್‌ಬಿ 2.0ರಲ್ಲಿ ಅದು ಆಗದ ಮಾತು, ನಿಜವಾದ 3.0 ಕಾರ್ಡೇ ಬೇಕು. ಕನ್ಸೋಲ್ ಆಡುವವರಿಗೆ ಪಾಸ್‌ಥ್ರೂ ಬೇಕು. ಅಂದರೆ ಟಿವಿಗೆ ತಡವಿಲ್ಲದೆ ಒಂದು ಚಿತ್ರ, ಕಂಪ್ಯೂಟರಿಗೆ ಇನ್ನೊಂದು. 0.18 ಸೆಕೆಂಡ್ ತಡವಾದ ಪರದೆ ನೋಡಿಕೊಂಡು ಯಾರು ಆಡುತ್ತಾರೆ? ಆಮೇಲೆ ದಿನಕ್ಕೆ ನಾಲ್ಕೈದು ಗಂಟೆ ನಿಲ್ಲದೆ ಓಡಿಸುವವರು, ಕೂದಲೆಳೆ ವಿವರ ಬೇಕಾದವರು. ಎಂಜೆಪೆಗ್‌ನಲ್ಲಿ ವೀಣೆಯ ತಂತಿ ಅಂಚಿನಲ್ಲಿ ಸಣ್ಣ ಮಸುಕು ಕಾಣುತ್ತದೆ. ಅಕ್ಕನಿಗೆ ಅದು ಲೆಕ್ಕಕ್ಕಿಲ್ಲ, ಮದುವೆ ವಿಡಿಯೊ ಮಾಡುವವರಿಗೆ ಇರಬಹುದು.

ಕಾರ್ಟ್‌ನಲ್ಲಿದ್ದ ಕಾರ್ಡನ್ನು ತೆಗೆದುಹಾಕಿದ್ದೆ. ಎರಡು ತಿಂಗಳಾದ ಮೇಲೆ ಅಕ್ಕನ ಮಗ ತನ್ನ ಗೇಮ್ ಕನ್ಸೋಲ್ ಹಿಡಿದು ಬಂದ. ಅವನಿಗೆ 60 ಫ್ರೇಮೂ ಬೇಕು, ಪಾಸ್‌ಥ್ರೂ ಕೂಡ ಬೇಕು. ಈ ಸಲ ಲ್ಯಾಪ್‌ಟಾಪ್ ಮತ್ತು ಕ್ಯಾಮೆರಾ ಬ್ಯಾಗಿಗೆ ಹಾಕಿಕೊಂಡೇ ಎಸ್.ಪಿ. ರೋಡಿಗೆ ಹೋದೆವು. ಅಂಗಡಿಯವರು ಮೊದಲು ಅದೇ ನೀಲಿ ಪ್ಲಗ್‌ನದ್ದು ತೆಗೆದು, "ಸಾರ್, ಫೋರ್ ಕೆ" ಅಂದರು. ಸಿಕ್ಕಿಸಿ ನೋಡಿದರೆ 480ಎಂ. ಎರಡನೆಯದು 5000ಎಂ ತೋರಿಸಿತು. ಹುಡುಗ ಕ್ಯಾಮೆರಾವನ್ನು 60ಕ್ಕೆ ತಿರುಗಿಸಿ, ಕೌಂಟರ್ ಮೇಲೆ ಫೋನ್ ಇಟ್ಟು, ಸ್ಟಾಪ್‌ವಾಚ್ ಓಡಿಸಿ, ಇ ಕೀಲಿ ಒತ್ತುತ್ತಾ ಅಂಕಿ ಓದಿದ: 2.41, 2.43, 2.45, 2.46, 2.48. ಅಂಗಡಿಯವರು ಬಗ್ಗಿ ನೋಡಿ, ಇದೇನು ಮಾಡ್ತಿದ್ದೀರಿ ಅಂತ ಕೇಳಿದರು. ಬಿಲ್ ಹಾಕಿ ಅಂದೆವು.